ಡಾ. ಎವಾರ್ಟ್ಸ್ ಗ್ರಹಾಂ – ಶ್ವಾಸಕೋಶದ ಶಸ್ತ್ರವೈದ್ಯ

ಮಕ್ಕಳೇ, ಶ್ವಾಸಕೋಶದ ಮಾದರಿಯನ್ನು ನೀವೆಲ್ಲ ಮಾಡಿರುತ್ತೀರಿ. ತಳ ಕತ್ತರಿಸಿದ ಒಂದು ಪ್ಲಾಸ್ಟಿಕ್ ಬಾಟಲಿ, ಅದರೊಳಗೆ ಕವಲು ನಳಿಕೆಗೆ ಕಟ್ಟಿದ ಎರಡು ಬಲೂನು, ತಳಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ಇನ್ನೊಂದು ಬಲೂನಿನ ರಬ್ಬರು. ತಳದ ರಬ್ಬರನ್ನು ಕೆಳಕ್ಕೆ ಎಳೆದರೆ ಒಳಗಿನ ಬಲೂನುಗಳು ಉಬ್ಬುತ್ತವೆ, ಬಿಟ್ಟರೆ ಕುಗ್ಗುತ್ತವೆ. ಬಾಟಲಿಯೇ ಎದೆಗೂಡು, ಬಲೂನುಗಳೇ ಶ್ವಾಸಕೋಶಗಳು, ತಳದ ರಬ್ಬರೇ ವಪೆ.

ಸೊರಬ ತಾಲ್ಲೂಕಿನ ಒಂದು ಶಾಲೆಗೆ ನಾನು ಹೋಗಿದ್ದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಮಾದರಿಯನ್ನು ಹಿಡಿದು ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದಳು. ಎಷ್ಟು ಎಳೆದರೂ ಅವಳ ಬಲೂನುಗಳು ಉಬ್ಬುತ್ತಿರಲಿಲ್ಲ. ನಳಿಕೆ ಸರಿಯಾಗಿತ್ತು, ದಾರದ ಗಂಟುಗಳೂ ಬಿಗಿಯಾಗಿದ್ದವು. ಕೊನೆಗೆ ನೋಡಿದರೆ ಕತ್ತರಿಯ ಮೊನೆ ತಾಗಿ ಬಾಟಲಿಯ ಪಕ್ಕದಲ್ಲಿ ಒಂದು ತೂತು ಬಿದ್ದಿತ್ತು. ಬೆರಳಿನಿಂದ ಅದನ್ನು ಮುಚ್ಚಿ ಎಳೆದಾಗ ಬಲೂನುಗಳು ಉಬ್ಬಿದವು. ಬೆರಳು ತೆಗೆದರೆ ಮತ್ತೆ ಸಪ್ಪಗಾದವು. ನೀವೂ ಬೇಕೆಂದೇ ಒಂದು ತೂತು ಮಾಡಿ ನೋಡಿ. ರಬ್ಬರನ್ನು ಎಳೆದಾಗ ಬಾಟಲಿಯೊಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಗಾಳಿ ಒಳಗೆ ನುಗ್ಗಬೇಕು. ತೂತು ಇಲ್ಲದಿದ್ದರೆ ಅದು ನಳಿಕೆಯ ಮೂಲಕವೇ ಬಲೂನಿಗೆ ಹೋಗಬೇಕು. ತೂತು ಇದ್ದರೆ ಅದಕ್ಕೆ ಹತ್ತಿರದ ದಾರಿ ಸಿಕ್ಕಿತು, ಬಲೂನಿಗೆ ಹೋಗುವ ಅಗತ್ಯವೇ ಇಲ್ಲ!

ಆ ಹುಡುಗಿಯ ಬಾಟಲಿಗೆ ಆದದ್ದೇ ಮನುಷ್ಯನ ಎದೆಗೂ ಆಗುತ್ತದೆ. ಎದೆಯನ್ನು ಕೊಯ್ದು ತೆರೆದರೆ ಗಾಳಿ ಒಳನುಗ್ಗಿ ಶ್ವಾಸಕೋಶ ಮುದುಡುತ್ತದೆ, ಉಸಿರು ಕಟ್ಟುತ್ತದೆ. ಆದ್ದರಿಂದಲೇ ಕೈ, ಕಾಲು, ಹೊಟ್ಟೆಗಳ ಶಸ್ತ್ರಚಿಕಿತ್ಸೆಯನ್ನು ಕಲಿತ ಎಷ್ಟೋ ಕಾಲದ ನಂತರವೂ ವೈದ್ಯರು ಎದೆಗೆ ಕೈ ಹಾಕಲು ಹೆದರುತ್ತಿದ್ದರು. ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವಿತ್ತು. ಅಲ್ಲಿ ಅನಾಥರಿಗೆ ಅನ್ನ, ರೋಗಿಗಳಿಗೆ ಔಷಧೋಪಚಾರ ದೊರೆಯುತ್ತಿತ್ತೆಂದು 1162ರ ಶಾಸನ ತಿಳಿಸುತ್ತದೆ. ಕೆಮ್ಮು, ದಮ್ಮು, ಕ್ಷಯದವರೂ ಅಲ್ಲಿಗೆ ಬಂದಿರಬೇಕು. ಆದರೆ ಆ ಕಾಲದಲ್ಲಿ ಅಲ್ಲೇ ಆಗಲಿ, ಲೋಕದ ಬೇರೆಲ್ಲೇ ಆಗಲಿ, ಕೆಟ್ಟುಹೋದ ಶ್ವಾಸಕೋಶವನ್ನು ತೆಗೆದು ರೋಗಿಯನ್ನು ಉಳಿಸುವ ವಿದ್ಯೆ ಯಾರಿಗೂ ಗೊತ್ತಿರಲಿಲ್ಲ. ಅದು ಕೈಗೂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಕ್ಯಾನ್ಸರ್ ಹಿಡಿದ ಇಡೀ ಶ್ವಾಸಕೋಶವನ್ನು ಒಂದೇ ಬಾರಿಗೆ ತೆಗೆದು ರೋಗಿಯನ್ನು ಬದುಕಿಸಿದ ಮೊದಲಿಗರು ಅಮೆರಿಕದ ಡಾ. ಎವಾರ್ಟ್ಸ್ ಆಂಬ್ರೋಸ್ ಗ್ರಹಾಂ.

ಗ್ರಹಾಂ ಹುಟ್ಟಿದ್ದು 1883ರ ಮಾರ್ಚ್ 19ರಂದು, ಷಿಕಾಗೋ ನಗರದಲ್ಲಿ. ತಂದೆಯೂ ಶಸ್ತ್ರವೈದ್ಯರು. ಪ್ರಿನ್ಸ್‌ಟನ್‌ನಲ್ಲಿ ಪದವಿ ಪಡೆದು, 1907ರಲ್ಲಿ ಷಿಕಾಗೋದ ರಷ್ ವೈದ್ಯಕೀಯ ಕಾಲೇಜಿನಿಂದ ವೈದ್ಯರಾಗಿ ಹೊರಬಂದರು. ಅಷ್ಟಕ್ಕೆ ಅವರಿಗೆ ತೃಪ್ತಿಯಾಗಲಿಲ್ಲ. ಕಾಯಿಲೆಯ ಬೇರು ತಿಳಿಯಬೇಕಾದರೆ ರಸಾಯನಶಾಸ್ತ್ರ ತಿಳಿದಿರಬೇಕೆಂದು ಮತ್ತೆ ವಿದ್ಯಾರ್ಥಿಯಾಗಿ ಷಿಕಾಗೋ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಪರಿಚಯವಾದ ರಸಾಯನ ವಿಜ್ಞಾನಿ ಹೆಲೆನ್ ಟ್ರೆಡ್‌ವೇ ಅವರನ್ನು 1916ರಲ್ಲಿ ಮದುವೆಯಾದರು. ಮುಂದೆ ಹೆಲೆನ್ ಅವರೂ ಔಷಧ ವಿಜ್ಞಾನದಲ್ಲಿ ಹೆಸರು ಮಾಡಿದರು.

ಸ್ವಲ್ಪ ಕಾಲ ಅಯೋವಾ ರಾಜ್ಯದ ಮೇಸನ್ ಸಿಟಿ ಎಂಬ ಊರಿನಲ್ಲಿ ಗ್ರಹಾಂ ವೈದ್ಯವೃತ್ತಿ ನಡೆಸಿದರು. ರೋಗಿಯನ್ನು ಕಳಿಸಿಕೊಟ್ಟ ವೈದ್ಯರಿಗೆ ಶಸ್ತ್ರವೈದ್ಯರು ಗುಟ್ಟಾಗಿ ಕಮಿಷನ್ ಕೊಡುವ ಪದ್ಧತಿ ಆಗ ಅಲ್ಲಿತ್ತು. ಅದನ್ನು ಅವರು ಕಟುವಾಗಿ ವಿರೋಧಿಸಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಅಮೆರಿಕವೂ ಸೇರಿತು. ಗ್ರಹಾಂ ಸೈನ್ಯದ ವೈದ್ಯರಾದರು.

1918ರಲ್ಲಿ ಸೈನ್ಯದ ಶಿಬಿರಗಳಲ್ಲಿ ತರುಣ ಸೈನಿಕರು ಗುಂಡೇಟಿಲ್ಲದೆಯೇ ಸಾಯತೊಡಗಿದ್ದರು. ಮೊದಲು ನ್ಯುಮೋನಿಯಾ ಬರುತ್ತಿತ್ತು, ಆಮೇಲೆ ಶ್ವಾಸಕೋಶ ಮತ್ತು ಎದೆಗೋಡೆಯ ನಡುವೆ ಕೀವು ತುಂಬುತ್ತಿತ್ತು. ಕೀವು ಎಲ್ಲಿದ್ದರೂ ಕೊಯ್ದು ಹೊರಬಿಡಬೇಕು ಎಂಬುದು ಶಸ್ತ್ರವೈದ್ಯರ ಹಳೆಯ ಪಾಠ. ಅದರಂತೆ ಕೀವು ಕಂಡ ಕೂಡಲೇ ಎದೆಯನ್ನು ಕೊಯ್ದು ತೆರೆಯುತ್ತಿದ್ದರು. ಹಾಗೆ ಮಾಡಿದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರು. ಇದರ ಕಾರಣ ಹುಡುಕಲು ಸೈನ್ಯ ಒಂದು ತಂಡವನ್ನು ನೇಮಿಸಿತು. ಗ್ರಹಾಂ ಅದರ ಸದಸ್ಯರಾಗಿದ್ದರು.

ಅವರು ರಿಚರ್ಡ್ ಬೆಲ್ ಎಂಬ ಸಹೋದ್ಯೋಗಿಯೊಂದಿಗೆ ಪ್ರಯೋಗಗಳನ್ನು ಮಾಡಿ ಕಂಡುಕೊಂಡದ್ದೇನು? ರೋಗದ ಮೊದಲ ದಿನಗಳಲ್ಲಿ ಕೀವು ನೀರಿನಂತೆ ತೆಳ್ಳಗಿರುತ್ತದೆ, ಶ್ವಾಸಕೋಶ ಸಡಿಲವಾಗಿರುತ್ತದೆ. ಆಗ ಎದೆ ತೆರೆದರೆ ನಮ್ಮ ತೂತು ಬಾಟಲಿಯ ಕಥೆಯೇ ಆಗುತ್ತದೆ. ಎರಡು ಶ್ವಾಸಕೋಶಗಳ ನಡುವಿನ ಗೋಡೆ ಗಟ್ಟಿಯಾದದ್ದಲ್ಲ, ಅದು ಅತ್ತಿತ್ತ ಸರಿಯುತ್ತದೆ. ಆದ್ದರಿಂದ ಒಂದು ಕಡೆ ತೆರೆದರೂ ಎರಡೂ ಶ್ವಾಸಕೋಶಗಳ ಕೆಲಸ ಕೆಡುತ್ತದೆ. ಕೆಲವು ದಿನ ಕಾದರೆ ಕೀವು ಗಟ್ಟಿಯಾಗುತ್ತದೆ, ಶ್ವಾಸಕೋಶ ಎದೆಗೋಡೆಗೆ ಅಂಟಿಕೊಳ್ಳುತ್ತದೆ. ಆಗ ತೆರೆದರೆ ಅದು ಮುದುಡುವುದಿಲ್ಲ. ಅಲ್ಲಿಯವರೆಗೆ ಸೂಜಿಯಿಂದಲೋ ಗಾಳಿ ಒಳನುಗ್ಗದಂಥ ನಳಿಕೆಯಿಂದಲೋ ಕೀವನ್ನು ಹೀರಿ ತೆಗೆಯಬೇಕು, ರೋಗಿಗೆ ಒಳ್ಳೆಯ ಆಹಾರ ಕೊಡಬೇಕು. ಈ ಕ್ರಮ ಜಾರಿಗೆ ಬಂದ ಶಿಬಿರದಲ್ಲಿ ಸಾವು ನೂರಕ್ಕೆ 5ಕ್ಕಿಂತ ಕೆಳಗಿಳಿಯಿತು. ಹೊಸ ಔಷಧಿ ಯಾವುದೂ ಇರಲಿಲ್ಲ. ಪೆನಿಸಿಲಿನ್ ಬರಲು ಇನ್ನೂ ಎಷ್ಟೋ ವರ್ಷಗಳಿದ್ದವು. ಗಾಳಿಯ ಒತ್ತಡದ ಲೆಕ್ಕವನ್ನು ಸರಿಯಾಗಿ ತಿಳಿದದ್ದೇ ಅಷ್ಟು ಜನರ ಪ್ರಾಣ ಉಳಿಸಿತು.

1919ರಲ್ಲಿ ಗ್ರಹಾಂ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. ಆಗ ಅವರಿಗೆ 36 ವರ್ಷ. ಅಲ್ಲಿನ ಬಾರ್ನ್ಸ್ ಆಸ್ಪತ್ರೆ ಅವರ ಮುಂದಿನ ಕೆಲಸವೆಲ್ಲ ನಡೆದ ಸ್ಥಳ.

ಅಲ್ಲಿ ನಡೆದ ನಾಯಿಯ ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ, ಅದು ಶ್ವಾಸಕೋಶಕ್ಕೆ ಸಂಬಂಧಿಸಿದ್ದಲ್ಲದಿದ್ದರೂ. ಕ್ಷ-ಕಿರಣದ ಚಿತ್ರದಲ್ಲಿ ಮೂಳೆ ಕಾಣುತ್ತದೆ, ಪಿತ್ತಕೋಶ ಕಾಣುವುದಿಲ್ಲ. ಅದನ್ನು ಕಾಣುವಂತೆ ಮಾಡಲು ಗ್ರಹಾಂ ಒಂದು ಉಪಾಯ ಹೂಡಿದರು. ಕೆಲವು ಬಣ್ಣಗಳನ್ನು ರಕ್ತಕ್ಕೆ ಸೇರಿಸಿದರೆ ಅವು ಪಿತ್ತರಸದೊಂದಿಗೆ ಹೊರಬರುತ್ತವೆ ಎಂದು ಮೊದಲೇ ತಿಳಿದಿತ್ತು. ಅಂಥ ಬಣ್ಣಕ್ಕೆ ಬ್ರೋಮಿನ್ ಇಲ್ಲವೇ ಅಯೋಡಿನ್‌ನಂಥ ಭಾರವಾದ ಪರಮಾಣುಗಳನ್ನು ಜೋಡಿಸಿದರೆ ಕ್ಷ-ಕಿರಣವನ್ನು ತಡೆದು ನೆರಳು ಬೀಳಬೇಕಲ್ಲವೇ? ಕಿರಿಯ ವೈದ್ಯ ವಾರೆನ್ ಕೋಲ್ ತಿಂಗಳುಗಟ್ಟಲೆ ನಾಯಿಗಳಿಗೆ ಚುಚ್ಚುಮದ್ದು ಕೊಟ್ಟು ಚಿತ್ರ ತೆಗೆದರು. ನೆರಳು ಬೀಳಲಿಲ್ಲ. ಒಂದು ದಿನ ಒಂದೇ ಒಂದು ನಾಯಿಯಲ್ಲಿ ಪಿತ್ತಕೋಶ ಸ್ಪಷ್ಟವಾಗಿ ಕಂಡಿತು. ಅದರಲ್ಲಿ ಏನು ವಿಶೇಷ? ಕೋಲ್ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಾಯಿಗಳನ್ನು ನೋಡಿಕೊಳ್ಳುವವನನ್ನು ಮತ್ತೆ ಮತ್ತೆ ವಿಚಾರಿಸಿದಾಗ ಅವನು ಅಂಜುತ್ತಾ ನಿಜ ಹೇಳಿದ: ಆ ದಿನ ಬೆಳಗ್ಗೆ ಆ ನಾಯಿಗೆ ಊಟ ಹಾಕುವುದನ್ನು ಮರೆತಿದ್ದ! ಹೊಟ್ಟೆ ತುಂಬಿದಾಗ ಪಿತ್ತಕೋಶ ಬರಿದಾಗುತ್ತದೆ, ಹಸಿದಾಗ ತುಂಬಿರುತ್ತದೆ. 1924ರಲ್ಲಿ ಈ ವಿಧಾನ ಪ್ರಕಟವಾಯಿತು, ಬಹುಕಾಲ ಬಳಕೆಯಲ್ಲಿತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬೆಳಗ್ಗೆ ತಿಂಡಿ ತಿನ್ನದೆ ಬರಲು ಹೇಳಿದ್ದರೆ, ಅದಕ್ಕೆ ಇದೂ ಒಂದು ಕಾರಣ.

ಈಗ ಶ್ವಾಸಕೋಶಕ್ಕೆ ಬರೋಣ. ತೆರೆದ ಎದೆಯಲ್ಲಿ ಉಸಿರಾಟ ನಡೆಸುವ ಸಮಸ್ಯೆಗೆ ಜರ್ಮನಿಯ ಜಾವರ್‌ಬ್ರುಕ್ 1904ರಲ್ಲಿ ವಿಚಿತ್ರವಾದ ಕೋಣೆಯೊಂದನ್ನು ಕಟ್ಟಿದ್ದರು. ರೋಗಿಯ ದೇಹ ಮತ್ತು ವೈದ್ಯರು ಕೋಣೆಯೊಳಗೆ, ರೋಗಿಯ ತಲೆ ಮಾತ್ರ ಹೊರಗೆ! ಒಳಗಿನ ಗಾಳಿಯ ಒತ್ತಡವನ್ನು ಕಡಿಮೆ ಮಾಡಿದರೆ ಎದೆ ತೆರೆದರೂ ಶ್ವಾಸಕೋಶ ಮುದುಡುತ್ತಿರಲಿಲ್ಲ. ಆದರೆ ಇಂಥ ಕೋಣೆಯನ್ನು ಎಷ್ಟು ಆಸ್ಪತ್ರೆಗಳು ಕಟ್ಟಿಸಿಯಾವು? 1909ರಲ್ಲಿ ನ್ಯೂಯಾರ್ಕಿನ ಮೆಲ್ಟ್ಜರ್ ಮತ್ತು ಆವರ್ ಸರಳ ದಾರಿ ತೋರಿಸಿದರು. ಶ್ವಾಸನಾಳಕ್ಕೆ ನಳಿಕೆ ಇಳಿಸಿ ಹೊರಗಿನಿಂದಲೇ ಗಾಳಿ ಊದಿದರೆ ಸಾಕು. ಬಾಟಲಿಗೆ ತೂತಿದ್ದರೂ ನಳಿಕೆಗೆ ಬಾಯಿಟ್ಟು ಊದಿದರೆ ಬಲೂನು ಉಬ್ಬುತ್ತದಲ್ಲ, ಹಾಗೆ.

ಉಸಿರಾಟದ ತೊಡಕು ಹೀಗೆ ಸಡಿಲವಾದರೂ ಇಡೀ ಶ್ವಾಸಕೋಶವನ್ನು ತೆಗೆಯುವುದು ಸುಲಭವಾಗಲಿಲ್ಲ. ಅದರ ಬುಡದಲ್ಲಿ ಹೃದಯದಿಂದ ನೇರವಾಗಿ ಬರುವ ದಪ್ಪ ರಕ್ತನಾಳಗಳಿವೆ. ಕಟ್ಟು ಸಡಿಲವಾದರೆ ರೋಗಿ ಕ್ಷಣದಲ್ಲಿ ಸಾಯುತ್ತಾನೆ. ಕತ್ತರಿಸಿದ ಶ್ವಾಸನಾಳದ ತುದಿ ಮುಚ್ಚಿಕೊಳ್ಳದಿದ್ದರೆ ಕೀವಾಗುತ್ತದೆ. 1931ರಲ್ಲಿ ಬರ್ಲಿನ್‌ನಲ್ಲಿ ರುಡಾಲ್ಫ್ ನಿಸ್ಸೆನ್, 1932ರಲ್ಲಿ ಅಮೆರಿಕದ ಆನ್ ಆರ್ಬರ್‌ನಲ್ಲಿ ಕ್ಯಾಮರಾನ್ ಹೈಟ್ ತಲಾ ಒಬ್ಬ ಬಾಲಕಿಯ ಕೆಟ್ಟ ಎಡ ಶ್ವಾಸಕೋಶವನ್ನು ಹಂತಹಂತವಾಗಿ ತೆಗೆದರು. ಇಬ್ಬರೂ ಬಾಲಕಿಯರು ಉಳಿದರು. ಅವರಿಗಿದ್ದದ್ದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ರೋಗಿಗಳಲ್ಲಿ ನಡೆದ ಪ್ರಯತ್ನಗಳೆಲ್ಲ ಸಾವಿನಲ್ಲೇ ಮುಗಿದಿದ್ದವು.

1933ರ ಆರಂಭದಲ್ಲಿ ಪಿಟ್ಸ್‌ಬರ್ಗ್ ನಗರದಿಂದ ಜೇಮ್ಸ್ ಗಿಲ್ಮೋರ್ ಎಂಬವರು ಗ್ರಹಾಂ ಅವರಲ್ಲಿಗೆ ಬಂದರು. ಐವತ್ತರ ಹತ್ತಿರದ ವಯಸ್ಸು. ಅವರೂ ವೈದ್ಯರೇ, ಹೆರಿಗೆ ಮಾಡಿಸುವವರು. ತಿಂಗಳುಗಳಿಂದ ಕೆಮ್ಮು, ಜ್ವರ, ಎದೆನೋವು. ಗಂಟಲಿನ ಮೂಲಕ ದೀಪವಿರುವ ನಳಿಕೆ ಇಳಿಸಿ, ಚೂರು ಅಂಗಾಂಶ ತೆಗೆದು ಪರೀಕ್ಷಿಸಿದಾಗ ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇರುವುದು ಖಚಿತವಾಯಿತು. ನಮ್ಮ ಎಡ ಶ್ವಾಸಕೋಶದಲ್ಲಿ ಎರಡು ಹಾಲೆಗಳು, ಬಲದಲ್ಲಿ ಮೂರು. ಕೆಟ್ಟ ಹಾಲೆಯನ್ನಷ್ಟೇ ತೆಗೆಯೋಣವೆಂದು ಗ್ರಹಾಂ ಎಣಿಸಿದ್ದರು. ಗಿಲ್ಮೋರ್ ಒಪ್ಪಿ, ಶಸ್ತ್ರಚಿಕಿತ್ಸೆಗೆ ಮೊದಲು ಒಮ್ಮೆ ಊರಿಗೆ ಹೋಗಿ ಬಂದರು. ಅಲ್ಲಿ ಅವರು ಎರಡು ಕೆಲಸ ಮಾಡಿದರಂತೆ. ಹುಳುಕು ಹಲ್ಲುಗಳನ್ನು ರಿಪೇರಿ ಮಾಡಿಸಿಕೊಂಡರು, ಸ್ಮಶಾನದಲ್ಲಿ ತಮಗೊಂದು ಜಾಗವನ್ನೂ ಕೊಂಡರು.

1933ರ ಏಪ್ರಿಲ್ 5ರಂದು ಬಾರ್ನ್ಸ್ ಆಸ್ಪತ್ರೆಯಲ್ಲಿ ಗ್ರಹಾಂ ಅವರ ಎದೆಯನ್ನು ತೆರೆದರು. ಒಳಗೆ ಕಂಡದ್ದು ಎಣಿಸಿದಂತಿರಲಿಲ್ಲ. ಗೆಡ್ಡೆ ಹಾಲೆಗೆ ಹೋಗುವ ನಾಳ ಕವಲೊಡೆಯುವ ಜಾಗಕ್ಕೆ ತೀರ ಹತ್ತಿರವಿತ್ತು. ಎರಡು ಹಾಲೆಗಳ ನಡುವಿನ ಸಂದು ಕೂಡ ಪೂರ್ತಿಯಾಗಿರಲಿಲ್ಲ. ಒಂದು ಹಾಲೆಯನ್ನು ಮಾತ್ರ ತೆಗೆದರೆ ಕ್ಯಾನ್ಸರ್ ಒಳಗೇ ಉಳಿಯುತ್ತದೆ. ಹಾಗೇ ಮುಚ್ಚಿದರೆ ರೋಗಿ ಕೆಲವು ತಿಂಗಳಲ್ಲಿ ಸಾಯುವುದು ಖಂಡಿತ. ಇಡೀ ಶ್ವಾಸಕೋಶವನ್ನು ಈಗಲೇ, ಒಂದೇ ಬಾರಿಗೆ ತೆಗೆಯಬೇಕು. ಹಾಗೆ ಮಾಡಿದ ಮೇಲೆ ಬದುಕಿದ ಕ್ಯಾನ್ಸರ್ ರೋಗಿ ಅದುವರೆಗೆ ಒಬ್ಬರೂ ಇರಲಿಲ್ಲ. ಗ್ರಹಾಂ ಪ್ರಾಣಿಗಳಲ್ಲಿ ಇದನ್ನು ಮಾಡಿದ್ದರು, ಮನುಷ್ಯರಲ್ಲಿ ಮಾಡಿರಲಿಲ್ಲ. ಗಿಲ್ಮೋರ್ ಅವರ ಸ್ನೇಹಿತರಾದ ವೈದ್ಯರೊಬ್ಬರು ಅಲ್ಲೇ ನಿಂತು ನೋಡುತ್ತಿದ್ದರು. ಗ್ರಹಾಂ ಅವರೊಂದಿಗೆ ಮಾತಾಡಿ ಮುಂದುವರಿಯಲು ತೀರ್ಮಾನಿಸಿದರು.

ಮೊದಲು ಎಡ ಶ್ವಾಸಕೋಶಕ್ಕೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ತಡೆಹಿಡಿದು ನೋಡಿದರು. ರೋಗಿಯ ಸ್ಥಿತಿಯಲ್ಲಿ ಬದಲಾವಣೆ ಕಾಣಲಿಲ್ಲ. ಅಂದರೆ ಬಲ ಶ್ವಾಸಕೋಶವೊಂದೇ ಕೆಲಸ ಸಾಗಿಸಬಲ್ಲದು. ಆಮೇಲೆ ಬುಡವನ್ನು ರಬ್ಬರ್ ನಳಿಕೆಯಿಂದ ಬಿಗಿದು, ಶ್ವಾಸಕೋಶವನ್ನು ಕತ್ತರಿಸಿ ತೆಗೆದು, ತುದಿಯನ್ನು ಸುಟ್ಟು ಗಟ್ಟಿಯಾಗಿ ಕಟ್ಟಿದರು. ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲಲೆಂದು ರೇಡಾನ್ ತುಂಬಿದ ಕಾಳಿನಂಥ ಚಿಕ್ಕ ಕೊಳವೆಗಳನ್ನು ಅಲ್ಲಿ ಇಟ್ಟರು. ಖಾಲಿಯಾದ ಜಾಗದಲ್ಲಿ ಕೀವು ತುಂಬಬಾರದೆಂದು ಏಳು ಪಕ್ಕೆಲುಬುಗಳನ್ನೂ ತೆಗೆದರು. ಪಕ್ಕೆಲುಬಿಲ್ಲದ ಎದೆಗೋಡೆ ಒಳಕ್ಕೆ ಕುಸಿದು ಜಾಗವನ್ನು ತುಂಬಿತು. ಇಷ್ಟೆಲ್ಲ ಮುಗಿದದ್ದು ಎರಡು ಗಂಟೆಯೊಳಗೆ.

ಚೇತರಿಕೆ ಮಾತ್ರ ಸುಲಭವಾಗಿರಲಿಲ್ಲ. ಹೆದರಿದ್ದಂತೆ ಕೀವಾಯಿತು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಎಪ್ಪತ್ತೈದು ದಿನ ಆಸ್ಪತ್ರೆಯಲ್ಲಿದ್ದು ಗಿಲ್ಮೋರ್ ಮನೆಗೆ ಹೋದರು. ಮನೆಯಲ್ಲಿ ಮಲಗಿಕೊಂಡಿರಲಿಲ್ಲ. ಒಂದೇ ಶ್ವಾಸಕೋಶದಲ್ಲಿ ಉಸಿರಾಡುತ್ತಾ ಮತ್ತೆ ವೃತ್ತಿಗೆ ಇಳಿದರು!

ಗ್ರಹಾಂ ಅನುಸರಿಸಿದ ವಿಧಾನ ಹಾಗೆಯೇ ಉಳಿಯಲಿಲ್ಲ. ಅದೇ ವರ್ಷದ ಜುಲೈನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ರೈನ್‌ಹಾಫ್ ಬುಡವನ್ನೆಲ್ಲ ಒಟ್ಟಿಗೆ ಬಿಗಿಯುವ ಬದಲು ಒಂದೊಂದೇ ರಕ್ತನಾಳವನ್ನೂ ಶ್ವಾಸನಾಳವನ್ನೂ ಬೇರೆ ಬೇರೆಯಾಗಿ ಕಟ್ಟಿದರು. ಅದೇ ಹೆಚ್ಚು ಸುರಕ್ಷಿತವೆಂದು ಎಲ್ಲರೂ ಒಪ್ಪಿದರು. ಪಕ್ಕೆಲುಬು ತೆಗೆಯುವ ಅಗತ್ಯವಿಲ್ಲ, ಖಾಲಿ ಜಾಗದಲ್ಲಿ ದ್ರವ ತುಂಬಿ ತಾನಾಗಿ ಗಟ್ಟಿಯಾಗುತ್ತದೆ ಎಂದೂ ತಿಳಿಯಿತು. ನಮ್ಮ ದೇಶದಲ್ಲಿ 1940ರ ದಶಕದ ಕೊನೆಯಲ್ಲಿ ರೀವ್ ಬೆಟ್ಸ್ ಎಂಬ ವೈದ್ಯರು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆಂದೇ ವಿಭಾಗ ಆರಂಭಿಸಿದರು. ಇಂದು ಸಾಧ್ಯವಾದಲ್ಲೆಲ್ಲ ಕೆಟ್ಟ ಹಾಲೆಯನ್ನಷ್ಟೇ ತೆಗೆಯುತ್ತಾರೆ. ಎದೆಯಲ್ಲಿ ಎರಡು ಮೂರು ಚಿಕ್ಕ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ನೋಡುತ್ತಾ ಮಾಡುವುದೂ ಉಂಟು. ಆದರೆ ಕ್ಯಾನ್ಸರ್ ಬೇರೆಡೆಗೆ ಹರಡುವ ಮೊದಲೇ ರೋಗಿ ಬಂದರೆ ಮಾತ್ರ ಇದರಿಂದ ಹೆಚ್ಚಿನ ಪ್ರಯೋಜನ.

ಇಲ್ಲಿಗೆ ಕಥೆ ಮುಗಿದಿದ್ದರೆ ಗ್ರಹಾಂ ಅವರನ್ನು ಒಬ್ಬ ಧೈರ್ಯಶಾಲಿ ಶಸ್ತ್ರವೈದ್ಯರೆಂದು ನೆನೆದು ಸುಮ್ಮನಾಗಬಹುದಿತ್ತು.

ಹಿಂದೆ ಶ್ವಾಸಕೋಶದ ಕ್ಯಾನ್ಸರ್ ಬಹಳ ಅಪರೂಪದ ಕಾಯಿಲೆ. 1919ರಲ್ಲಿ ಇದೇ ಸೇಂಟ್ ಲೂಯಿಸ್‌ನ ವೈದ್ಯಕೀಯ ಕಾಲೇಜಿನಲ್ಲಿ ಇಂಥ ರೋಗಿಯೊಬ್ಬನ ಶವಪರೀಕ್ಷೆ ನಡೆದಾಗ, ಮತ್ತೆ ಜೀವಮಾನದಲ್ಲಿ ಇಂಥದ್ದು ಕಾಣಸಿಗಲಿಕ್ಕಿಲ್ಲವೆಂದು ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನೆಲ್ಲ ಕರೆದು ತೋರಿಸಿದ್ದರು. ಆ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಆಲ್ಟನ್ ಆಕ್ಸ್‌ನರ್ ದೊಡ್ಡ ಶಸ್ತ್ರವೈದ್ಯರಾದ ಮೇಲೆ, 1936ರಲ್ಲಿ ಆರೇ ತಿಂಗಳಲ್ಲಿ ಅಂಥ ಒಂಬತ್ತು ರೋಗಿಗಳನ್ನು ಕಂಡರು. ಎಲ್ಲರೂ ಸಿಗರೇಟು ಸೇದುವವರು. ಸಿಗರೇಟೇ ಕಾರಣವಿರಬೇಕೆಂದು ಆಕ್ಸ್‌ನರ್ ಹೇಳಿದರೆ ಗ್ರಹಾಂ ಒಪ್ಪಲಿಲ್ಲ. ಸಿಗರೇಟಿನ ಮಾರಾಟದಂತೆ ಹೆಂಗಸರ ನೈಲಾನ್ ಕಾಲುಚೀಲಗಳ ಮಾರಾಟವೂ ಹೆಚ್ಚಿದೆಯಲ್ಲ ಎಂದು ತಮಾಷೆ ಮಾಡಿದರು. ಸ್ವತಃ ಗ್ರಹಾಂ ಅವರೂ ಸಿಗರೇಟು ಸೇದುತ್ತಿದ್ದರು.

ತಮಾಷೆಯಲ್ಲಿಯೂ ಒಂದು ತರ್ಕವಿತ್ತೆನ್ನಿ. ಎರಡು ಸಂಗತಿಗಳು ಒಟ್ಟಿಗೆ ಹೆಚ್ಚಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಹಾಗಾದರೆ ನಿಜವನ್ನು ತಿಳಿಯುವುದು ಹೇಗೆ? ಅರ್ನ್ಸ್ಟ್ ವಿಂಡರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಗ್ರಹಾಂ ಅವರಲ್ಲಿಗೆ ಬಂದು, ನಿಮ್ಮ ರೋಗಿಗಳನ್ನು ಮಾತಾಡಿಸಿ ಲೆಕ್ಕ ಹಾಕಲು ಅನುಮತಿ ಕೊಡಿ ಎಂದು ಕೇಳಿಕೊಂಡರು. ತಮಗೆ ನಂಬಿಕೆಯಿಲ್ಲದಿದ್ದರೂ ಗ್ರಹಾಂ ಅನುಮತಿ ಕೊಟ್ಟರು. ನನಗೆ ಅವರಲ್ಲಿ ಬಹಳ ಮೆಚ್ಚುಗೆಯಾಗುವುದು ಇದೇ, ಏಪ್ರಿಲ್ 5ರ ಶಸ್ತ್ರಚಿಕಿತ್ಸೆಗಿಂತಲೂ.

ವಿಂಡರ್ ಶ್ವಾಸಕೋಶದ ಕ್ಯಾನ್ಸರ್ ಇದ್ದವರನ್ನು ಮಾತ್ರ ಕೇಳಲಿಲ್ಲ. ಬೇರೆ ಕಾಯಿಲೆಗೆ ಆಸ್ಪತ್ರೆಗೆ ಬಂದವರನ್ನೂ ಕೇಳಿದರು. ಹೋಲಿಕೆಯಿಲ್ಲದೆ ಲೆಕ್ಕಕ್ಕೆ ಅರ್ಥವಿಲ್ಲವಲ್ಲ! 1950ರಲ್ಲಿ ಇಬ್ಬರೂ ಸೇರಿ 684 ರೋಗಿಗಳ ವಿವರವನ್ನು ಪ್ರಕಟಿಸಿದರು. ಶ್ವಾಸನಾಳದಲ್ಲಿ ಹುಟ್ಟುವ ಸಾಮಾನ್ಯ ಬಗೆಯ ಕ್ಯಾನ್ಸರ್ ಇದ್ದ ಗಂಡಸರಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಮಂದಿ ಎಷ್ಟೋ ವರ್ಷಗಳಿಂದ ಸಾಕಷ್ಟು ಸಿಗರೇಟು ಸೇದಿದವರು. ಬೇರೆ ಕಾಯಿಲೆಯವರಲ್ಲಿ ಅಂಥವರು ನೂರಕ್ಕೆ 74ರಷ್ಟು. ಅದೇ ವರ್ಷ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಅವರಿಗೂ ಇಂಥದೇ ಫಲಿತಾಂಶ ಬಂತು. ಮುಂದೆ ಗ್ರಹಾಂ ಮತ್ತು ವಿಂಡರ್, ಅಡೆಲ್ ಕ್ರೋನಿಂಗರ್ ಎಂಬವರೊಂದಿಗೆ ಸೇರಿ, ಸಿಗರೇಟನ್ನು ಯಂತ್ರದಿಂದ ಸೇದಿಸಿ ಡಾಂಬರಿನಂಥ ಅಂಟು ಪದಾರ್ಥವನ್ನು ಸಂಗ್ರಹಿಸಿದರು. ಅದನ್ನು ಇಲಿಗಳ ಬೆನ್ನಿಗೆ ವಾರಕ್ಕೆ ಮೂರು ಬಾರಿ ಸವರುತ್ತಾ ಬಂದರು. 81 ಇಲಿಗಳಲ್ಲಿ 36ಕ್ಕೆ ಚರ್ಮದ ಕ್ಯಾನ್ಸರ್ ಬಂತು. ಇದು 1953ರಲ್ಲಿ ಪ್ರಕಟವಾದಾಗ ಸಿಗರೇಟು ಕಂಪನಿಗಳು ನಡುಗಿದವು.

ಲೆಕ್ಕ ಕಣ್ಣ ಮುಂದೆ ಬಂದ ಮೇಲೆ ಗ್ರಹಾಂ ತಮ್ಮ ಹಳೆಯ ಅಭಿಪ್ರಾಯವನ್ನು ಹಿಡಿದು ಕೂರಲಿಲ್ಲ. ತಾವು ತಪ್ಪಿದ್ದೆವೆಂದು ಒಪ್ಪಿ, ಸಿಗರೇಟಿನ ಅಪಾಯವನ್ನು ಎಲ್ಲೆಡೆ ಹೇಳತೊಡಗಿದರು, ತಾವೂ ಸೇದುವುದನ್ನು ಬಿಟ್ಟರು. ಆ ಹೊತ್ತಿಗೆ ಸುಮಾರು ಐವತ್ತು ವರ್ಷ ಸೇದಿಯಾಗಿತ್ತು.

ನಮ್ಮ ಕಡೆ ಸಿಗರೇಟಿಗಿಂತ ಬೀಡಿ ಹೆಚ್ಚು. ಎಲೆಯಲ್ಲಿ ಸುತ್ತಿದ್ದು, ಹೊಗೆಸೊಪ್ಪು ಕೊಂಚವೇ ಇರುವುದು, ಆದ್ದರಿಂದ ಅಷ್ಟು ಕೆಟ್ಟದ್ದಲ್ಲ ಎಂದು ಅಡಿಕೆ ಸುಲಿಯುವ ಚಪ್ಪರದಲ್ಲಿ ಕುಳಿತ ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಅದು ನಿಜವಲ್ಲ, ಬೀಡಿಯಿಂದಲೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ನಿಮ್ಮ ಶಾಲೆಯ ಗೇಟಿನ ಬಳಿ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬ ಫಲಕವಿದೆಯೇ ನೋಡಿ. 2003ರ ಕಾಯಿದೆಯಂತೆ ಹಾಕಿದ್ದು ಅದು. ಅದರ ಹಿಂದೆ ಆ 684 ಜನರ ಲೆಕ್ಕವೂ ಇದೆ.

1957ರ ಆರಂಭದಲ್ಲಿ ಗ್ರಹಾಂ ಅವರಿಗೆ ಜ್ವರ, ಕೆಮ್ಮು ಕಾಣಿಸಿಕೊಂಡಿತು. ಎದೆಯ ಕ್ಷ-ಕಿರಣ ಚಿತ್ರದಲ್ಲಿ ಕ್ಯಾನ್ಸರ್ ಕಂಡಿತು. ಒಂದರಲ್ಲಲ್ಲ, ಎರಡೂ ಶ್ವಾಸಕೋಶಗಳಲ್ಲಿ. ಶ್ವಾಸಕೋಶ ತೆಗೆಯುವುದನ್ನು ಲೋಕಕ್ಕೆ ಕಲಿಸಿದವರಿಗೆ ಆ ಶಸ್ತ್ರಚಿಕಿತ್ಸೆ ಉಪಯೋಗಕ್ಕೆ ಬರುವಂತಿರಲಿಲ್ಲ. ಹಿಂದೆ ಯಾರ ಮಾತನ್ನು ತಮಾಷೆ ಮಾಡಿದ್ದರೋ ಆ ಗೆಳೆಯ ಆಕ್ಸ್‌ನರ್ ಅವರಿಗೆ ಗ್ರಹಾಂ ಪತ್ರ ಬರೆದು ವಿಷಯ ತಿಳಿಸಿದರು. ಸಿಗರೇಟು ಬಿಟ್ಟು ಐದು ವರ್ಷವಾದರೂ, ಅದಕ್ಕೆ ಮೊದಲಿನ ಐವತ್ತು ವರ್ಷಗಳು ತಮ್ಮನ್ನು ಬಿಡಲಿಲ್ಲವೆಂಬ ಅರ್ಥದ ಮಾತು ಅದರಲ್ಲಿತ್ತು. 1957ರ ಮಾರ್ಚ್ 4ರಂದು ಅವರು ತೀರಿಕೊಂಡರು. ಎಪ್ಪತ್ನಾಲ್ಕು ತುಂಬಲು ಹದಿನೈದು ದಿನ ಬಾಕಿಯಿತ್ತು.

ಗಿಲ್ಮೋರ್ ಆಗ ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು 1963ರಲ್ಲಿ, ಶಸ್ತ್ರಚಿಕಿತ್ಸೆಯಾಗಿ ಮೂವತ್ತು ವರ್ಷಗಳ ನಂತರ, ಬೇರೆ ಕಾಯಿಲೆಯಿಂದ.